ಹಾಸಿನ ಮೇಸ್ತ್ರಿಯ ಹಿಮ್ಮಡಿ

ಮೇಸ್ತ್ರಿಯ ಬಲಗಾಲಿನ ಹಿಮ್ಮಡಿ ಒಣಗಿದ ಕೆರೆಯಂಗಳದಂತೆ ಒಡೆದಿತ್ತು. ಆ ಬಿರುಕುಗಳಲ್ಲಿ ಮಣ್ಣು ಇಳಿದು, ಎಷ್ಟು ತೊಳೆದರೂ ಹೋಗದಂತೆ ಕೂತಿತ್ತು. ಕೆಲಸದ ಜಾಗಕ್ಕೆ ಬಂದವರೇ ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಹಿಮ್ಮಡಿಯನ್ನು ನೆಲಕ್ಕೆ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ನಿಧಾನಕ್ಕೆ ಒಂದು ಸಲ ತಿರುಗುವುದು. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಹಾಗೆಯೇ, ನೆಲದೊಳಗೆ ಎಲ್ಲಿ ಪೊಳ್ಳಿದೆಯೆಂದು ಹುಡುಕುವುದು. ಅಷ್ಟು ಹೊತ್ತೂ ಕ್ರೇನಿನ ಮಾಲೀಕನಾದ ನಾನು ಗೇಟಿನಲ್ಲೇ ಕಾಯಬೇಕಿತ್ತು.

ಮನೆಗಳ ಮೇಲೆ ವಾಲಿದ ದೊಡ್ಡ ಮರಗಳನ್ನು ತುಂಡು ತುಂಡಾಗಿ ಕೊಯ್ದು ಇಳಿಸುವುದು ನನ್ನ ಕಸುಬು. ಭಾರ ಎತ್ತುವ ಮೊದಲು ಕ್ರೇನು ತನ್ನ ನಾಲ್ಕು ಕಬ್ಬಿಣದ ಕಾಲುಗಳನ್ನು ಚಾಚಿ ನೆಲಕ್ಕೆ ಊರುತ್ತದೆ. ಆ ಕಾಲುಗಳ ಕೆಳಗೆ, ಚಕ್ರ ಹೋಗುವ ದಾರಿಯಲ್ಲಿ, ಏನು ಹಾಸಬೇಕೆಂದು ಆರಿಸುವುದು ಅವರ ಕಸುಬು. ಅದಕ್ಕೇ ಎಲ್ಲರಿಗೂ ಅವರು ಹಾಸಿನ ಮೇಸ್ತ್ರಿ. ಭದ್ರಾವತಿಯ ಹಳೇನಗರದಲ್ಲಿ ಮನೆ. ಕಾರ್ಖಾನೆಯಲ್ಲಿ ಭಾರೀ ಯಂತ್ರಗಳನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಅವುಗಳ ಕೆಳಗೆ ದಿಮ್ಮಿ, ಹಲಗೆ ಇಡುವ ಕೆಲಸದಲ್ಲಿದ್ದವರು. ಅವರ ಬಳಿ ದಪ್ಪ ಮರದ ಹಲಗೆಗಳಿದ್ದವು, ಎರಡು ಕಬ್ಬಿಣದ ಪ್ಲೇಟುಗಳಿದ್ದವು, ಗುಜರಿಯಿಂದ ತಂದ ಅಗಲವಾದ ರಬ್ಬರ್ ಬೆಲ್ಟಿನ ತುಂಡುಗಳಿದ್ದವು. ಯಾವಾಗ ಯಾವುದು ಎಂದು ಕೇಳಿದರೆ, "ಹಲಗೆ ಕಿರುಗುಟ್ಟಿ ಹೇಳಿ ಮುರಿಯುತ್ತೆ, ಕಬ್ಬಿಣ ಹೇಳದೆ ಜಾರುತ್ತೆ. ಗೊತ್ತಿಲ್ಲದ ನೆಲಕ್ಕೆ ಮಾತಾಡೋದನ್ನ ಹಾಸು ಮಾರಾಯ" ಎನ್ನುತ್ತಿದ್ದರು.

ಇದನ್ನು ಅವರು ಎಷ್ಟು ಸಲ ಹೇಳಿದರೋ ನಿಜವಾಗಿ ನೆನಪಿಲ್ಲ. ಒಂದೇ ಸಲ ಇರಬಹುದು. ನನ್ನ ನೆನಪು ನನ್ನ ಪರವಾಗಿ ಸುಳ್ಳು ಹೇಳುವ ಸಾಕ್ಷಿ, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಹೊಟ್ಟೆಕಿಚ್ಚಿನ ಬಗ್ಗೆ ಅದು ಸುಳ್ಳು ಹೇಳಿಲ್ಲ. ಕ್ರೇನು ಬೇಕೆಂದು ಫೋನ್ ಮಾಡಿದವರು ಮರದ ಎತ್ತರ ಹೇಳುವ ಮೊದಲೇ ಕೇಳುತ್ತಿದ್ದುದು, "ಹಾಸಿನ ಮೇಸ್ತ್ರಿ ಬರ್ತಾರಲ್ಲ?" ಎಂದು. ಯಂತ್ರ ನನ್ನದು, ಎತ್ತುವುದು ನಾನು. ಜನ ಕೇಳುವುದು ಕೆಳಗೆ ಹಾಸಿದ್ದನ್ನು. ನನ್ನ ಹೆಂಡತಿ ಕೂಡ ಒಮ್ಮೆ, "ಅವರು ಜೊತೆಗಿದ್ದಾರೆ ಅಂದ್ರೆ ನಂಗೆ ಭಯ ಇಲ್ಲ" ಅಂದಳು. ಆ ದಿನ ನಾನು ಊಟ ಅರ್ಧಕ್ಕೇ ಬಿಟ್ಟೆದ್ದೆ.

ಅವರ ಹಂಗು ತೀರಲಿ ಎಂದೇ ಹೊರಗಿನಿಂದ ಕಪ್ಪು ಪ್ಲಾಸ್ಟಿಕ್ ಹಾಸುಗಳನ್ನು ತರಿಸಿದೆ. ಮೇಲ್ಗಡೆ ಟೈರಿನಂಥ ಗೆರೆಗಳು, ಹಿಡಿದು ಎತ್ತಲು ಅಂಚಿನಲ್ಲಿ ತೂತುಗಳು. ಜೊತೆಗೆ ಬಂದ ಕಾಗದದಲ್ಲಿ ಎಷ್ಟು ಭಾರ ತಡೆಯುತ್ತದೆ ಎಂಬ ಪಟ್ಟಿ. ಮೇಸ್ತ್ರಿ ಅವುಗಳ ಮೇಲೆ ಹತ್ತಿ ಇಳಿದು, ಅಂಚನ್ನು ಬಗ್ಗಿಸಿ ನೋಡಿದರು. "ಒಳ್ಳೆ ಮಾಲು. ಹುಲ್ಲು ಹಾಳಾಗದಂಗೆ ಗಾಡಿ ಓಡಿಸಕ್ಕೆ ಇದಕ್ಕಿಂತ ಒಳ್ಳೇದಿಲ್ಲ. ಕ್ರೇನಿನ ಕಾಲಿಗೆ ಇದೊಂದೇ ಸಾಲ್ದು." ಈ ಕೊನೆಯ ಮಾತನ್ನು ಅವತ್ತು ಕೇಳಿಸಿಕೊಂಡೆನೋ, ಆಮೇಲೆ ನಡೆದದ್ದರಿಂದ ಎತ್ತಿ ಇಲ್ಲಿಗೆ ಸೇರಿಸಿದ್ದೇನೋ ಹೇಳಲಾರೆ. ಹೊಗಳಿಕೆಯನ್ನಂತೂ ಕೇಳಿಸಿಕೊಂಡಿದ್ದೆ.

ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿ ಒಬ್ಬ ನಿವೃತ್ತ ಟೀಚರಮ್ಮನ ಮನೆ. ಹಿತ್ತಲಿನ ಅರ್ಧ ಒಣಗಿದ ಮಾವಿನ ಮರ ಅಡುಗೆಮನೆಯ ಹಂಚಿನ ಮೇಲೆ ವಾಲಿತ್ತು. ಮೇಸ್ತ್ರಿಗೆ ಹೇಳದೆ ಹೋದೆ. ಟೀಚರು ನನ್ನ ಹಿಂದೆ ಇಣುಕಿ ನೋಡಿದರು.

"ಅವರೆಲ್ಲಿ, ಹಾಸ್ತಾರಲ್ಲ, ಅವರು?"

"ಇವತ್ತು ಅವರು ಬೇಕಾಗಿಲ್ಲ ಟೀಚರೆ. ಹೊಸ ಹಾಸು ತಂದಿದೀನಿ."

"ಹೊಸದು ಅವರು ನೋಡಿದಾರಾ?"

ನಾನು ಹಾಸುಗಳನ್ನು ಇಳಿಸಲು ಹೇಳಿದೆ. ನೆಲ ಗಟ್ಟಿಯಾಗಿ ಕಾಣುತ್ತಿತ್ತು. ಪಟ್ಟಿ ನೋಡಿ, ನಾಲ್ಕೂ ಕಾಲಿಗೆ ಹಾಸಿಸಿದೆ. ಮೊದಲ ಕೊಂಬೆಯನ್ನು ಕೊಯ್ದು ಎತ್ತಿದಾಗ ಹಿಂದಿನ ಎಡಗಾಲಿನ ಕೆಳಗಿನ ಹಾಸು ಸದ್ದಿಲ್ಲದೆ ಬಗ್ಗಿತು. ನೆಲ ಕುಸಿಯಿತು. ಕ್ರೇನು ಅಡುಗೆಮನೆಯ ಕಡೆಗೆ ವಾಲಿತು. ಹೇಳುವಾಗಲೆಲ್ಲ ಮೊಳದಷ್ಟು ಎನ್ನುತ್ತೇನೆ, ವಾಲಿದ್ದು ಒಂದು ಗೇಣು ಇರಬೇಕು. ಒಳಗೆ ಕುಕ್ಕರ್ ಕೂಗುತ್ತಿತ್ತು. ನನ್ನ ಆಪರೇಟರ್ ಹೇಗೋ ಕೊಂಬೆಯನ್ನು ಅಂಗಳಕ್ಕೆ ಇಳಿಸಿ, ಕೆಳಗೆ ಹಾರಿ ನನ್ನ ಮುಖ ನೋಡಿದ. "ಅಣ್ಣ, ಈಗಲಾದ್ರೂ ಫೋನ್ ಮಾಡಿ" ಅಂದ.

ಮೇಸ್ತ್ರಿ ಭದ್ರಾವತಿಯಿಂದ ಲಗೇಜ್ ಆಟೋದಲ್ಲಿ, ಹಲಗೆಗಳ ಮೇಲೆಯೇ ಕೂತು ಬಂದರು. ಚಪ್ಪಲಿ ಬಿಟ್ಟು ಹಿತ್ತಲನ್ನು ಒಂದು ಸುತ್ತು ತುಳಿದು, ಟೀಚರ ಕಡೆ ತಿರುಗಿದರು.

"ಅಮ್ಮಾ, ಹಿಂದೆಲ್ಲ ಪಾತ್ರೆ ಎಲ್ಲಿ ತಿಕ್ತಿದ್ರಿ?"

"ಅಲ್ಲೇ ಬಾವಿಕಟ್ಟೆ ಹತ್ರ. ನಾನು ಮದುವೆಯಾಗಿ ಬಂದ ವರ್ಷ ಬಾವಿ ಮುಚ್ಚಿಸಿದ್ರು. ಕಲ್ಲು, ಹಂಚಿನ ಚೂರು ತುಂಬಿಸಿ..." ಎನ್ನುತ್ತಿದ್ದವರು ಕುಸಿದ ಕಾಲಿನ ಕಡೆ ನೋಡಿದರು.

ಕುಸಿದ ಕಾಲು ನಿಂತಿದ್ದುದು ಆ ಬಾವಿಯ ಅಂಚಿನಲ್ಲಿ. ಮೇಸ್ತ್ರಿ ಹಾರೆಯ ತುದಿಯಿಂದ ನೆಲದ ಮೇಲೆ ದುಂಡಗೆ ಗೆರೆ ಎಳೆದರು. ಕ್ರೇನನ್ನು ಆಚೆ ಸರಿಸಿ ನಿಲ್ಲಿಸಿದೆವು. ಕೆಳಗೆ ಉದ್ದಕ್ಕೆ, ಮೇಲೆ ಅಡ್ಡಕ್ಕೆ, ಎರಡು ಪದರ ಹಲಗೆ ಬಿತ್ತು. ಭಾರ ಬಿದ್ದಾಗ ಹಲಗೆ ಕಿರುಗುಟ್ಟಿತು. ಅವರು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ, ತಲೆ ವಾಲಿಸಿ ಕೇಳಿಸಿಕೊಂಡರು. "ಸಾಕು. ಎತ್ತಪ್ಪ."

ಕೆಲಸ ಮುಗಿದ ಮೇಲೆ ಟೀಚರು ಕೇಳಿದರು: "ಬೆಳಿಗ್ಗೇನೇ ಯಾಕೆ ಬರಲಿಲ್ಲ ನೀವು?"

"ಕಾಲು ಸ್ವಲ್ಪ ಕುಸೀತಿದ್ದಂಗೇ ಇವ್ರಿಗೆ ಅನುಮಾನ ಬಂದು, ನಿಲ್ಲಿಸಿ ನನ್ನ ಕರೆಸಿದ್ದಮ್ಮ. ಬೇರೆಯವ್ರಾದ್ರೆ ಹಂಗೇ ಎಳೆದುಬಿಡ್ತಿದ್ರು."

ಟೀಚರು ಕಾಫಿ ಲೋಟವನ್ನು ಮೊದಲು ನನಗೆ ಕೊಟ್ಟರು. ಮೇಸ್ತ್ರಿ ಎಲ್ಲರ ಎದುರು ನನ್ನನ್ನು ಬೈದಿದ್ದರೆ ಅವರ ಮೇಲೆ ಸಿಟ್ಟಾಗಲು ನನಗೊಂದು ದಾರಿ ಇರುತ್ತಿತ್ತು. ನೆಲವನ್ನು ಹೇಗೋ ಹಾಗೆ ನನ್ನನ್ನೂ ಅವರು ತುಳಿದು ನೋಡಿದ್ದರು, ಎಲ್ಲಿ ಪೊಳ್ಳು ಎಂದು ಕಂಡು ಅದರ ಮೇಲೊಂದು ಹಲಗೆ ಹಾಕಿದ್ದರು. ಹೊಟ್ಟೆಕಿಚ್ಚು ಅವತ್ತು ಇನ್ನೂ ಜಾಸ್ತಿಯಾಯಿತು.

ಹೊರಡುವಾಗ ಕೇಳಿದೆ, "ಯಾಕೆ ಹಂಗಂದ್ರಿ?"

"ನಾಳೆ ಈ ಬೀದಿಗೆ ಕೆಲಸಕ್ಕೆ ಬರ್ಬೇಕಾದೋನು ನೀನು ಮಾರಾಯ." ಆಟೋ ಹತ್ತಿದ ಮೇಲೆ ಸೇರಿಸಿದರು: "ಒಂದ್ಸಲ ಚಪ್ಪಲಿ ಬಿಟ್ಟು ನೋಡು. ಕಾಲೇನು ಸವೆಯಲ್ಲ."

ನಾನು ಬಿಡಲಿಲ್ಲ. ಅವರು ಇರುವವರೆಗೂ ಬಿಡಲಿಲ್ಲ.

ಕಳೆದ ಮಳೆಗಾಲದಲ್ಲಿ ಮೇಸ್ತ್ರಿ ತೀರಿಕೊಂಡರು. ಹಳೇನಗರದ ಅವರ ಓಣಿಯನ್ನು ಪೈಪಿಗಾಗಿ ಅಗೆದು ಸುಮ್ಮನೆ ಮಣ್ಣು ಮುಚ್ಚಿದ್ದರು. ಅವರನ್ನು ಒಯ್ಯಲು ಬಂದ ವ್ಯಾನು ಓಣಿಯ ಬಾಯಲ್ಲೇ ನಿಂತಿತು. "ಗಾಲಿ ಹೂತ್ರೆ ಯಾರು ಎತ್ತೋರು?" ಎಂದು ಡ್ರೈವರ್ ಇಳಿದುಬಿಟ್ಟ. ನಾಲ್ಕು ಜನ ಮೇಸ್ತ್ರಿಯ ಕಬ್ಬಿಣದ ಪ್ಲೇಟನ್ನು ಎಳೆಯತೊಡಗಿದರು.

"ಪ್ಲೇಟು ಬೇಡ, ಜಾರುತ್ತೆ" ಅಂದೆ. ಚಪ್ಪಲಿ ಬಿಟ್ಟು ಕೆಸರಿಗೆ ಇಳಿದು ಹಿಮ್ಮಡಿ ಊರಿ ತಿರುಗಿದೆ. ಮೊದಲ ಜಾಗದಲ್ಲಿ ಏನೂ ತಿಳಿಯಲಿಲ್ಲ. ಎರಡನೆಯದರಲ್ಲಿ ತಣ್ಣಗಾಯಿತು, ಅಷ್ಟೇ. ಮೂರನೆಯ ಕಡೆ ನೆಲ ಹಳೆಯ ಹಗ್ಗದ ಮಂಚದಂತೆ, ಒಂದು ಕ್ಷಣ ತಡೆದು ಕೆಳಗೆ ಹೋಯಿತು. ಗೋಡೆಗೆ ಒರಗಿಸಿದ್ದ ಅವರ ಹಲಗೆಗಳನ್ನು ಅಲ್ಲಿ ಎರಡು ಪದರ ಹಾಕಿಸಿದೆ, ಉಳಿದ ದಾರಿಗೆ ಆಪರೇಟರ್ ಹೋಗಿ ತಂದ ನನ್ನ ಪ್ಲಾಸ್ಟಿಕ್ ಹಾಸು. ವ್ಯಾನು ನಿಧಾನಕ್ಕೆ ಬಾಗಿಲಿನವರೆಗೆ ಹೋಯಿತು. ಅವರನ್ನು ಮಲಗಿಸಿಕೊಂಡು ಅದೇ ದಾರಿಯಲ್ಲಿ ಹಿಂದಕ್ಕೆ ಬಂತು. ಮೂರನೆಯ ಜಾಗದಲ್ಲಿ ಹಲಗೆ ಕಿರುಗುಟ್ಟಿತು. ನಾನು ಕೈಯೆತ್ತಿದೆ, ಕೇಳಿಸಿಕೊಂಡೆ, ಕೈ ಇಳಿಸಿದೆ.

ವ್ಯಾನು ಓಣಿ ದಾಟಿದ ಮೇಲೆ ಯಾರೋ ಹಿಂದೆ, "ಒಂದು ಗಾಲೀನೂ ಹೂತಿಲ್ಲ ನೋಡು. ಯಾರಪ್ಪ ಹಾಸಿದ್ದು?" ಎಂದು ಕೇಳಿದರು.

"ಮೇಸ್ತ್ರಿ ಹಲಗೆ ಅಲ್ವಾ ಸ್ವಾಮಿ" ಅಂದ ನನ್ನ ಆಪರೇಟರ್. "ಅವರ ಹಾಸು ಯಾವತ್ತು ಕುಸಿದಿದೆ?"

ಹಾಸಿದ್ದು ನಾನು ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಕೇಳಿದವರು ನನ್ನ ಕೆಸರುಗಾಲನ್ನು ನೋಡಿ, ಮತ್ತೆ ನನ್ನ ಮುಖ ನೋಡಿದರು.

"ಹೌದು, ಅವರದ್ದೇ" ಎಂದೆ.