ಕೈಕೊಟ್ಟವನು

ಕೋದಂಡಪ್ಪ ಹೊಸಪೇಟೆಯಲ್ಲಿ ಕೆಲಸ ನೋಡಿಕೊಂಡು ಹದಿನೈದು ದಿನದಲ್ಲಿ ಬರುತ್ತೇನೆಂದು ಹೆಂಡತಿ ಅಶ್ವತ್ಥಮ್ಮನಿಗೆ ಹೇಳಿ ಚಿನ್ನದ ಗಣಿಯ ಪಟ್ಟಣ ಊರಿಗಾಂ ಬಿಟ್ಟದ್ದು ೧೯೭೯ರಲ್ಲಿ. ವರ್ಷ ಕಳೆದರೂ ಬರಲಿಲ್ಲ. ಗಣಿ ಕಾರ್ಮಿಕರ ಲೈನುಮನೆಗಳ ತಮಿಳು ನೆರೆಯವರು ‘ಏಮಾತ್ತಿಟ್ಟಾನ್’, ವಂಚಿಸಿಬಿಟ್ಟ, ಎಂದರು. ಕಾಮಸಮುದ್ರದ ತವರಿನಲ್ಲಿ ತಾಯಿ ತೆಲುಗಿನಲ್ಲಿ ‘ಮೋಸಂ ಚೇಸಿನಾಡು’ ಎಂದು ಅತ್ತಳು. ಹಾಲಿನ ಡೈರಿಯ ಹೆಂಗಸರು ‘ಟೋಪಿ ಹಾಕ್ದ’ ಎಂದು ಪಿಸುಗುಟ್ಟಿದರು. ಅಶ್ವತ್ಥಮ್ಮ ಎಲ್ಲವನ್ನೂ ಸಹಿಸಿಕೊಂಡಳು. ಅಣ್ಣ ಸೊಣ್ಣಪ್ಪ “ಕೈಕೊಟ್ಟ ಕಣಮ್ಮ” ಎಂದಾಗ ಮಾತ್ರ ತಡೆಯಲಾಗಲಿಲ್ಲ.

“ಅಂಗನ್ಬ್ಯಾಡಣ್ಣ. ಮದ್ವೆಯಾದ ಮೂರ್ನೇ ದಿನ ಬಂಗಾರಪೇಟೆ ಸ್ಟೇಷನ್ನಾಗೆ ರೈಲು ಒಂಟೇಬಿಟ್ಟಿತ್ತು. ಕೈಕೊಟ್ಟು ನನ್ನ ಮೇಲಕ್ಕೆ ಎಳ್ಕಂಡೋನು ಅವ್ನೇ.”

ಏಳು ವರ್ಷದ ಮೇಲೆ ಸೊಣ್ಣಪ್ಪನೇ ಹೊಸಪೇಟೆಗೆ ಹೋಗಿ ಹುಡುಕಿ ಬಂದ. ಕೋದಂಡಪ್ಪ ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಅದನ್ನು ಕೇಳಿ ಅವಳು ಬಹಳ ಹೊತ್ತು ಸೆರಗಿನ ಅಂಚನ್ನು ಮಡಚುತ್ತ ಕೂತಳು.

“ಮೋಸಾನೇ ಬಿಡಣ್ಣ” ಎಂದಳು ಕೊನೆಗೆ. ಆ ಪದ ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಆಮೇಲೆ ಮೆಲ್ಲಗೆ, “ನನ್ನ ವಿಚಾರ್ಸಿದ್ನಾ?” ಎಂದಳು.

“ಊಂ, ವಿಚಾರಿಸ್ದ” ಎಂದ ಸೊಣ್ಣಪ್ಪ, ಗೋಡೆ ನೋಡುತ್ತ.

ಅದು ಸುಳ್ಳೆಂದು ಅವಳಿಗೆ ತಿಳಿಯಿತು. ಆದರೂ ಹತ್ತಿರ ಸರಿದು ಕೂತು, ಏನೇನು ವಿಚಾರಿಸಿದ ಎಂದು ಕೇಳಿದಳು.