ಲಚ್ಚತ್ತೆ ಕಾಶಿಯಲ್ಲಿ ಬಿಟ್ಟ ಸೀಬೆಕಾಯಿ

ಇವತ್ತು ಬೆಳಿಗ್ಗೆ ಒಂದು ದವಡೆಹಲ್ಲು ಕೀಳಿಸಿಕೊಂಡು, ಬಾಯಿಗೆ ಹತ್ತಿ ತುರುಕಿಕೊಂಡು ಬರುತ್ತಿದ್ದೆ. ದೇವರಾಜ ಮಾರುಕಟ್ಟೆಯ ಮುಂದೆ ಗಾಡಿ ತುಂಬ ಸೀಬೆಕಾಯಿ, ಎಲ್ಲ ಅರೆಹಣ್ಣಾದ ದೋರೆಗಾಯಿ. ಘಮ್ಮೆನ್ನುವ ಆ ವಾಸನೆಗೆ ಕಾಲು ತಾನಾಗಿ ನಿಂತಿತು. ಕೊಳ್ಳಲು ಪಿಂಚಣಿ ಇದೆ, ತಿನ್ನಲು ಬಾಯಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತ ಗಾದೆ ಕಟ್ಟಿದವನು ಬುದ್ಧಿವಂತನೇ ಸರಿ. ಆದರೆ ಅವನಿಗೂ ಹೊಳೆಯದ ಮೂರನೆಯ ಅವಸ್ಥೆಯೊಂದಿದೆ ನೋಡಿ. ಅದನ್ನು ನಾನು ನಮ್ಮ ಲಚ್ಚತ್ತೆಯಲ್ಲಿ ಕಂಡೆ.

ಲಚ್ಚತ್ತೆ ನಮ್ಮಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ಅಗ್ರಹಾರದ ವಠಾರವೊಂದರಲ್ಲಿ ನಮ್ಮದು ಎರಡೂವರೆ ಕೋಣೆಯ ಸಂಸಾರ. ಆ ಅರ್ಧ ಕೋಣೆಯಲ್ಲಿ ಸೌದೆಯೂ ಇತ್ತು, ಅತ್ತೆಯ ಚಾಪೆಯೂ ಇತ್ತು. ಸೀಬೆಕಾಯಿ ಅಂದರೆ ಅವಳಿಗೆ ಪ್ರಾಣ. ಹೆಚ್ಚಿದರೆ ರುಚಿ ಕೆಡುತ್ತದೆ ಅಂತ ಅವಳ ವಾದ. ಇಡೀ ಕಾಯನ್ನು ಸೆರಗಿನಲ್ಲಿ ಒರೆಸಿ ಕರಕ್ಕಂತ ಕಚ್ಚಿದಳೆಂದರೆ ಬೀದಿಬಾಗಿಲಿಗೆ ಕೇಳಿಸುತ್ತಿತ್ತು.

ಸ್ವಾತಂತ್ರ್ಯ ಬಂದ ಎರಡು ಮೂರು ವರ್ಷಕ್ಕೆ ವಠಾರದ ಯಜಮಾನರು ಹೆಂಡತಿಯ ಜೊತೆ ಕಾಶಿಗೆ ಹೊರಟರು. ದಾರಿಯಲ್ಲಿ ಅಡಿಗೆಗೆ ಆಗುತ್ತದೆ ಅಂತ ಅತ್ತೆಯನ್ನೂ ಕರೆದುಕೊಂಡರು. ಕಾಶಿಗೆ ಹೋದವರು ತಿನ್ನುವ ಪದಾರ್ಥ ಒಂದನ್ನಾದರೂ ಅಲ್ಲಿ ಬಿಟ್ಟು ಬರಬೇಕಲ್ಲ, ಆಮೇಲೆ ಜನ್ಮದಲ್ಲಿ ಅದನ್ನು ಮುಟ್ಟುವ ಹಾಗಿಲ್ಲ. ಅತ್ತೆ ಬಿಟ್ಟು ಬಂದದ್ದು ಹಾಗಲಕಾಯಿ. ಅದನ್ನು ಅವಳು ಹುಟ್ಟಿದಾಗಿನಿಂದ ಮುಟ್ಟಿದವಳೇ ಅಲ್ಲ! ವಿಶ್ವನಾಥನಿಗೇ ಟೋಪಿ ಹಾಕಿ ಬಂದೆಯಲ್ಲಕ್ಕ ಅಂತ ಅಪ್ಪ ವಾರಗಟ್ಟಲೆ ರೇಗಿಸಿದರು.

ಅಪ್ಪನ ನಗು ಅಷ್ಟಕ್ಕೇ ಮುಗಿಯಿತು ಅನ್ನಿ. ಅವರು ಲೆಕ್ಕ ಬರೆಯುತ್ತಿದ್ದ ಜವಳಿ ಅಂಗಡಿ ಮುಚ್ಚಿಹೋಯಿತು. ಐವತ್ತರ ಹತ್ತಿರ ಬಂದವರಿಗೆ ಹೊಸ ಕೆಲಸ ಯಾರು ಕೊಡುತ್ತಾರೆ? ಬೆಳಿಗ್ಗೆ ಕೋಟು ತೊಟ್ಟು ಹೊರಡುವರು, ಸಂಜೆ ಬಂದು ಅದನ್ನು ಗೂಟಕ್ಕೆ ಸಿಕ್ಕಿಸುವರು. ಮನೆಯಲ್ಲಿ ಉಳಿದಿದ್ದ ಚಿನ್ನವೆಂದರೆ ಅಮ್ಮನ ತಾಳಿ, ಒಂದೆಳೆ ಸರ.

ಆ ವರ್ಷ ಸೀಬೆಕಾಯಿ ಬಂದಾಗ ಅತ್ತೆ, ಇದನ್ನೂ ಕಾಶೀಲಿ ಬಿಟ್ಟಿದ್ದೆ, ಹೇಳೋದು ಮರೆತಿದ್ದೆ ಅಂದಳು. ಸಂಕ್ರಾಂತಿಗೆ ಕಬ್ಬು ಬಂತು, ಅದನ್ನೂ ಬಿಟ್ಟಿದ್ದಳಂತೆ. ಗೋಕುಲಾಷ್ಟಮಿಗೆ ಚಕ್ಕುಲಿಯೂ ಆ ಪಟ್ಟಿಗೇ ಸೇರಿತು. ಇಷ್ಟೆಲ್ಲ ಬಿಟ್ಟು ಬಂದಿದ್ದರೆ ಕಾಶಿಯಲ್ಲಿ ಯಾರೋ ಅಂಗಡಿ ಇಟ್ಟಿರಬೇಕು ಅಂತ ನಾವು ನಗುತ್ತಿದ್ದೆವು. ಅವಳು ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಗೋಡೆಯ ಕಡೆ ತಿರುಗಿ ಉಣ್ಣುವಳು. ಸೆರಗಿನ ಗಂಟಿನಲ್ಲಿ ಯಾವಾಗಲೂ ಲವಂಗ. ಕೆನ್ನೆ ಊದಿದ ದಿನ ಕಿವಿಗೆ ಗಾಳಿ ಹೊಕ್ಕಿದೆ ಅಂತ ತಲೆಗೆ ಬಟ್ಟೆ ಸುತ್ತಿಕೊಳ್ಳುವಳು. ಮುಂದಿನ ಹಲ್ಲುಗಳು ಹೋದಾಗ, ಪಾಪ, ವಯಸ್ಸಾಯಿತು ಅಂದುಕೊಂಡೆವು. ಆಗ ಅವಳಿಗೆ ಐವತ್ತೈದೂ ಆಗಿರಲಿಲ್ಲ.

ನನಗೆ ಕೆಲಸ ಸಿಕ್ಕಿ ಕೈಯಲ್ಲಿ ನಾಲ್ಕು ಕಾಸು ಆಡುವಂತಾದಾಗ, ಅವಳನ್ನು ದೊಡ್ಡ ಗಡಿಯಾರದ ಹತ್ತಿರ ಹಲ್ಲಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ಅವರು ಬಾಯಿ ನೋಡಿ, ಇಷ್ಟು ವರ್ಷ ಈ ನೋವನ್ನು ಹೇಗೆ ತಡೆದುಕೊಂಡಿರಿ ತಾಯಿ ಅಂತ ಕೇಳಿದರು. ನನಗೆ ಕಾಶಿಯ ಗುಟ್ಟು ಹೊಳೆದದ್ದು ಆಗಲೇ. ಉಳಿದ ಹುಳುಕನ್ನೆಲ್ಲ ಕೀಳಿಸಿ, ಕೆಲವು ತಿಂಗಳು ಕಾದು, ಹಲ್ಲು ಕಟ್ಟಿಸಿದ್ದಾಯಿತು. ಕನ್ನಡಿ ನೋಡಿಕೊಂಡು ಮದುವಣಗಿತ್ತಿಯ ಹಾಗೆ ನಾಚಿಕೊಂಡಳು. ಆ ಸಂಜೆಯೇ ಒಳ್ಳೆಯ ಸೀಬೆಕಾಯಿ ತಂದು ಅವಳ ಮಡಿಲಿಗೆ ಹಾಕಿದೆ. ಅದನ್ನು ಮೂಸಿದಳು, ಸೆರಗಿನಲ್ಲಿ ಒರೆಸಿದಳು, ಮತ್ತೆ ನನ್ನ ಕೈಗೇ ಇಟ್ಟಳು.

"ಹಲ್ಲುನೋವು ಅಂದಿದ್ರೆ ನಿಮ್ಮಪ್ಪ ನಿಮ್ಮಮ್ಮನ ಆ ಒಂದೆಳೆ ಸರಾನೂ ಮಾರ್ಬುಡ್ತಿದ್ದ ಕಣೋ. ಅದಕ್ಕೇ ಹಂಗಂದೆ."

ಹಾಗಾದರೆ ಬಿಟ್ಟಿರಲಿಲ್ಲವಲ್ಲ, ಈಗ ತಿನ್ನು ಅಂದೆ.

"ಸುಳ್ಳು ಹೇಳಿದ್ದು ನಿಮಗೆ. ಆದ್ರೆ ವಿಶ್ವನಾಥನ ಹೆಸರು ಹಿಡಿದು ಹೇಳ್ಬುಟ್ಟೆನಲ್ಲಪ್ಪ. ಹೇಳಿದ್ಮೇಲೆ ಬಿಟ್ಟಂಗೇ."

ವಾದ ಮಾಡಿದೆ, ರೇಗಿದೆ, ಕಡೆಗೆ ಅತ್ತೂಬಿಟ್ಟೆ. ಅವಳು ಜಗ್ಗಲಿಲ್ಲ. ತಮ್ಮನಿಗೆ ಹೇಳಬೇಡ ಅಂತ ಮಾತ್ರ ಕೈಹಿಡಿದು ಕೇಳಿಕೊಂಡಳು, ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಅಪ್ಪ ಕಡೆಯವರೆಗೂ ನಮ್ಮಕ್ಕ ಮಹಾ ನೇಮದವಳು ಅಂತಲೇ ನಂಬಿಕೊಂಡು ಹೋದರು. ಅತ್ತೆಯೂ ಆ ಚೆಂದದ ಹಲ್ಲಿನಲ್ಲಿ ಮಜ್ಜಿಗೆಯನ್ನ ಉಂಡುಕೊಂಡೇ ಹೋದಳು. ಹಲ್ಲೂ ಇತ್ತು, ಕಡಲೆಯೂ ಇತ್ತು. ತಿನ್ನುವ ಹಾಗೆ ಮಾತ್ರ ಇರಲಿಲ್ಲ.

ಅವಳಿಗೆ ಮಕ್ಕಳಿಲ್ಲ, ತಿಥಿ ನಾನೇ ಮಾಡುವುದು. ಅವಳಿಗೆ ಇಷ್ಟವಾದದ್ದೆಲ್ಲ ಎಲೆಗೆ ಬೀಳುತ್ತದೆ, ಆ ಕಾಶಿಯ ಪಟ್ಟಿಯಲ್ಲಿದ್ದವನ್ನು ಬಿಟ್ಟು. ಕೊಟ್ಟ ಮಾತೆಂದು ನಾನೂ ಇಷ್ಟು ವರ್ಷ ಸುಮ್ಮನಿದ್ದೆ. ನಾಳೆ ತಿಥಿ. ಗಾಡಿಯವನಿಗೆ ಸನ್ನೆಯಲ್ಲೇ ಹೇಳಿ, ಗಟ್ಟಿಯಾದ ಕಾಯಿ ಆರಿಸಿಕೊಂಡು ಮನೆಗೆ ಬಂದೆ. ನಾಳೆ ಇದನ್ನು ಎಲೆಗೆ ಹಾಕು ಅಂತ ಹೆಂಡತಿಯ ಕೈಗೆ ಕೊಟ್ಟೆ.

"ಅಯ್ಯೋ, ಅತ್ತೆ ಇದನ್ನ ಕಾಶೀಲಿ ಬಿಟ್ಟಿದ್ರಲ್ರೀ?" ಅಂದಳು.

ಬಾಯಿಂದ ಹತ್ತಿ ತೆಗೆದೆ. "ಬಿಟ್ಟಿರಲಿಲ್ಲ ಕಣೇ" ಅಂದು, ಇದುವರೆಗೆ ಯಾರಿಗೂ ಹೇಳದಿದ್ದುದನ್ನೆಲ್ಲ ಹೇಳಿದೆ. ಅವಳು ಕಾಯನ್ನು ತೊಳೆದು ತಟ್ಟೆಯಲ್ಲಿಟ್ಟಳು. ಆಮೇಲೆ, ಆಗಲಿ, ಸಣ್ಣಗೆ ಹೆಚ್ಚಿ ಹಾಕ್ತೀನಿ ಅಂದಳು.

"ಹೆಚ್ಚಬೇಡ" ಅಂದೆ. "ಇಡೀ ಕಾಯೇ ಹಾಕು. ಕಚ್ಚಿ ತಿನ್ನಲಿ."