ನಾರುವ ನೀರಿನ ಜಾಡಿ

ಬೆಳಗಿನ ಆರು ಗಂಟೆ. ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಒಂದೇ ದೀಪ ಉರಿಯುತ್ತಿದೆ. ಸ್ಲೈಡಕ್ಕ ಜಾಡಿಯಿಂದ ಒಂದು ಹನಿ ನೀರು ತೆಗೆದು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುತ್ತಾರೆ. ಏನೂ ಇಲ್ಲ. ಒರೆಸಿ ಇನ್ನೊಂದು ಹನಿ ಇಡುತ್ತಾರೆ. ಹತ್ತು ಗಂಟೆಗೆ ಪ್ರಾಯೋಗಿಕ ಪರೀಕ್ಷೆ. ಅಷ್ಟರೊಳಗೆ ಪ್ಯಾರಮೀಸಿಯಂ ಎಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿ ಸಿಗದಿದ್ದರೆ ನೂರಿಪ್ಪತ್ತು ಮಕ್ಕಳು ಬಾಯಿಪಾಠದ ಚಿತ್ರ ಬರೆದು ಎದ್ದುಹೋಗಬೇಕು.

"ಸಿಟ್ಟು ಬಂದಿದೆ. ಸುಳ್ಳು ಹೇಳಲ್ಲ," ಎನ್ನುತ್ತಾರೆ ಪತ್ರಿಕೆಗೆ ಬರೆಯಲು ಬಂದ ನನ್ನ ಕಡೆ ತಲೆ ಎತ್ತದೆ.

ಓದಿದ್ದು ಏಳನೇ ತರಗತಿ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಸಹಾಯಕಿ. ಸ್ಲೈಡಕ್ಕ ಎಂಬ ಹೆಸರು ಮಕ್ಕಳು ಕೊಟ್ಟಿದ್ದು. ದಿನಾ ನಲವತ್ತು ಸೂಕ್ಷ್ಮದರ್ಶಕ ಒರೆಸಿ, ಅರವತ್ತು ಈರುಳ್ಳಿ ಸಿಪ್ಪೆಗೆ ಬಣ್ಣ ಹಾಕಿಡುತ್ತಾರೆ. ಈರುಳ್ಳಿಗೆ ಅವರ ಕಣ್ಣಲ್ಲಿ ನೀರು ಬರುವುದು ಯಾವಾಗಲೋ ನಿಂತುಹೋಗಿದೆ.

"ಈರುಳ್ಳಿ ಕೋಶಕ್ಕೆ ಗೋಡೆ ಇರುತ್ತೆ, ಇಟ್ಟಿಗೆ ಜೋಡಿಸ್ದಂಗೆ. ನಮ್ಮ ಕೆನ್ನೆ ಒಳಗಿನ ಕೋಶಕ್ಕೆ ಆ ಗೋಡೆ ಇಲ್ಲ. ಈ ಜಾಡಿಯಲ್ಲಿ ನಾನು ಹುಡುಕ್ತಿರೋದಕ್ಕೆ ಮೈಯೆಲ್ಲ ಸೇರಿ ಒಂದೇ ಕೋಶ. ಊಟ, ಓಡಾಟ, ಸಂಸಾರ ಎಲ್ಲ ಅದರಲ್ಲೇ."

ಆ ಸಂಸಾರವನ್ನು ಅವರು ಹನ್ನೊಂದು ವರ್ಷ ಒಂದೇ ಜಾಡಿಯಲ್ಲಿ ಸಾಕಿದ್ದರು. ಅವುಗಳ ಊಟಕ್ಕೆಂದು ಹುಲ್ಲು ಕುದಿಸಿದ ನೀರು ವಾರಕ್ಕೊಮ್ಮೆ ಹಾಕಬೇಕು. ರಜೆಯಲ್ಲಿ ಜಾಡಿ ಚೀಲದಲ್ಲಿ ಕೂತು ಮನೆಗೆ ಹೋಗುತ್ತಿತ್ತು. "ನಂಗೆ ಜ್ವರ ಬಂದಾಗ್ಲೂ ಇಷ್ಟು ಸಲ ಬಂದು ನೋಡಿಲ್ಲ," ಎಂದು ಬಸ್ ಮೆಕ್ಯಾನಿಕ್ ಆದ ಗಂಡ ಛೇಡಿಸುತ್ತಾರೆ.

ಒಂಬತ್ತು ದಿನದ ಹಿಂದೆ ತಪಾಸಣೆ ತಂಡ ಬರುವುದಿತ್ತು. ಹೊಸ ಪ್ರಾಂಶುಪಾಲರಿಗೆ ಜಾಡಿಯ ವಾಸನೆ ಹಿಡಿಸಲಿಲ್ಲ. ಸ್ಲೈಡಕ್ಕ ಮನೆಗೆ ಹೋದ ಮೇಲೆ ನೀರನ್ನು ಸಿಂಕಿಗೆ ಚೆಲ್ಲಿಸಿ, ಜಾಡಿಯನ್ನು ಬ್ಲೀಚಿಂಗ್ ಪುಡಿಯಲ್ಲಿ ತಿಕ್ಕಿಸಿ, ಅದರಲ್ಲಿ ಪ್ಲಾಸ್ಟಿಕ್ ಹೂ ಇಡಿಸಿದರು. ಜೀವಶಾಸ್ತ್ರದ ಕೋಣೆಯಲ್ಲಿ ಇದ್ದ ಜೀವ ಚೆಲ್ಲಿ ಪ್ಲಾಸ್ಟಿಕ್ ಇಟ್ಟ ಮಹಾನುಭಾವರಿಗೆ ಏನೆನ್ನಬೇಕೋ. ಅಂದವಾಗಿ ಕಾಣಲೆಂದು ಅಣಬೆಯ ಬಾಟಲಿಯನ್ನೂ ಗಿಡಗಳ ಸಾಲಿಗೆ ಸೇರಿಸಿದ್ದರು.

"ಅಣಬೆ ಗಿಡ ಅಲ್ಲ ಸರ್, ಶಿಲೀಂಧ್ರ. ಅದು ಗಿಡದಂಗೆ ತನ್ನ ಊಟ ತಾನೇ ತಯಾರು ಮಾಡ್ಕೊಳ್ಳಲ್ಲ. ಅದರ ಸಾಲೇ ಬೇರೆ," ಎಂದರು ಮರುದಿನ ಸ್ಲೈಡಕ್ಕ.

"ನಿನಗ್ಯಾಕಮ್ಮ ಅದೆಲ್ಲ? ನೋಡೋಕೆ ಚೆನ್ನಾಗಿದೆಯಲ್ಲ."

ತಂಡದವರು 'ಪ್ರಯೋಗಾಲಯ ಅಚ್ಚುಕಟ್ಟಾಗಿದೆ' ಎಂದು ಬರೆದು ಹೋದರು. ಅಣಬೆಯನ್ನು ಅವರೂ ಗಮನಿಸಲಿಲ್ಲ. ಕಣ್ಣಿದ್ದೂ ಕಾಣದವರಿಗೆ ಯಾವ ಸೂಕ್ಷ್ಮದರ್ಶಕ ಕೊಟ್ಟರೇನು?

ಸ್ಲೈಡಕ್ಕ ಅಂದು ಅಳಲಿಲ್ಲ. ಹೂ ಕಿತ್ತು ಕಸಕ್ಕೆ ಹಾಕಿದರು. ಜಾಡಿಯನ್ನು ಏಳು ಸಲ ತೊಳೆದರು. ಹುಲ್ಲು ಕುದಿಸಿ ಆರಲು ಬಿಟ್ಟು, ಮುಂಜಾನೆ ಹಳೆಯ ಕಲ್ಲುಕ್ವಾರಿಯ ಹೊಂಡಕ್ಕೆ ಮೊಣಕಾಲವರೆಗೆ ಇಳಿದು ಕೆಸರು ಸಮೇತ ನೀರು ತಂದು ಸುರಿದರು. ಆಮೇಲೆ ಕಾಯುವುದೇ ಕೆಲಸ. ನಿನ್ನೆಯವರೆಗೂ ಅದರಲ್ಲಿ ಬ್ಯಾಕ್ಟೀರಿಯಾ ಬಿಟ್ಟರೆ ಬೇರೇನೂ ಇರಲಿಲ್ಲ.

ಹನ್ನೆರಡನೇ ಹನಿ ಇಟ್ಟ ಸ್ಲೈಡಕ್ಕ ಈಗ ಅಲುಗಾಡುವುದಿಲ್ಲ. ಚಪ್ಪಲಿಯಾಕಾರದ್ದೊಂದು ಸರ್ರನೆ ಹಾದುಹೋಗುತ್ತದೆ. ಹಿಂದೆಯೇ ಇನ್ನೆರಡು. "ಬಂದ್ರಾ?" ಎನ್ನುತ್ತಾರೆ, ತಡವಾಗಿ ಬಂದ ಮಕ್ಕಳನ್ನು ಗದರುವ ದನಿಯಲ್ಲಿ.

ಒಂಬತ್ತೂವರೆಗೆ ಪ್ರಾಂಶುಪಾಲರು ಬಂದು ಬಾಗಿ ನೋಡುತ್ತಾರೆ. "ಎಷ್ಟು ಚುರುಕಾಗಿದೆಯಮ್ಮ. ಎಲ್ಲಿಂದ ತರಿಸಿದ್ದು?"

"ನೀವು ಸಿಂಕಿಗೆ ಚೆಲ್ಲಿಸಿದ್ರಲ್ಲ ಸರ್, ಅದೇ ಇದು."

ಅವರು ಕನ್ನಡಕ ಒರೆಸಿಕೊಂಡು ಹೊರಗೆ ಹೋಗುತ್ತಾರೆ. ಸ್ಲೈಡಕ್ಕ ಅಣಬೆಯ ಬಾಟಲಿಯನ್ನು ಶಿಲೀಂಧ್ರಗಳ ಸಾಲಿಗೆ ವಾಪಸ್ ಇಟ್ಟು, ಜಾಡಿಗೆ ಒಂದು ಚೀಟಿ ಅಂಟಿಸುತ್ತಾರೆ. ದಪ್ಪ ಅಕ್ಷರದಲ್ಲಿ ಬರೆದಿದೆ: 'ಒಳಗೆ ಜೀವ ಇದೆ. ಚೆಲ್ಲುವ ಮುಂಚೆ ಕೇಳಿ.'

ಪತ್ರಿಕೆಯಲ್ಲಿ ಹೆಸರು ಹಾಕೋಣವೇ ಎಂದರೆ ಕೈ ಆಡಿಸುತ್ತಾರೆ. "ಹೆಸರು ಕಟ್ಕೊಂಡು ಏನ್ ಮಾಡ್ಲಿ? ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನ್ನ ಒಂದು ಮಾತು ಕೇಳಿಲ್ಲ. ಮುಂದಿನ ಸಲ ಕೇಳ್ಲಿ, ಸಾಕು."